ಕಾರಣ ಹೇಳದ ದೋಷಸಂಕೇತಗಳು

ಗಣಕದ ಕ್ರಮವಿಧಿಯೊಂದು ನಡುವೆ ನಿಂತುಹೋದಾಗ ತೆರೆಯ ಮೇಲೆ ಸಂಖ್ಯೆಯೊಂದು ಮೂಡುವುದನ್ನು ವಾಚಕರು ಕಂಡೇ ಇರುತ್ತಾರೆ. ಕಾರ್ಯವು ಏಕೆ ಕೆಟ್ಟಿತೆಂದು ತಿಳಿಸುವುದೇ ಈ ದೋಷಸಂಕೇತದ ಪ್ರಯೋಜನ. ಆದರೆ ಬಹುವಾಗಿ ಬಳಕೆಯಲ್ಲಿರುವ ಕೆಲವು ಸಂಕೇತಗಳು ಕೆಟ್ಟಿತೆಂಬುದನ್ನು ಮಾತ್ರ ಸಾರಿ, ಕಾರಣದ ವಿಷಯದಲ್ಲಿ ಮೌನವಾಗಿರುತ್ತವೆ. ಕೆಟ್ಟಿತೆಂಬುದು ನಮಗೆ ಮೊದಲೇ ತಿಳಿದಿರುತ್ತದಷ್ಟೆ.

ವಿಂಡೋಸ್ ವ್ಯವಸ್ಥೆಯ ೮೦೦೦೪೦೦೫ ಎಂಬುದು ಇಂತಹುದೊಂದು. ಹದಿನಾರನ್ನು ಆಧಾರವಾಗುಳ್ಳ ಎಣಿಕೆಯಲ್ಲಿ ಬರೆದ ಈ ಎಂಟು ಅಂಕಗಳಿಗೆ ಒಂದು ರಚನೆಯುಂಟು. ಮೊದಲಿನ ೮ ಕಾರ್ಯಭಂಗವನ್ನು ಸೂಚಿಸುತ್ತದೆ; ಮುಂದಿನ ಮೂರು ಅಂಕಗಳು ದೋಷವು ಯಾವ ವಿಭಾಗದ್ದೆಂಬುದನ್ನೂ, ಕೊನೆಯ ನಾಲ್ಕು ಅದರ ಬಗೆಯನ್ನೂ ತಿಳಿಸಬೇಕು. ೮೦೦೭೦೦೦೫ ಎಂಬುದನ್ನು ಹೀಗೆ ಬಿಡಿಸಿದರೆ, ಮೂಲವ್ಯವಸ್ಥೆಯ ೫ನೆಯ ದೋಷ, ಅಂದರೆ ಪ್ರವೇಶಾಧಿಕಾರವಿಲ್ಲವೆಂಬ ಅರ್ಥ ದೊರೆಯುತ್ತದೆ. ೮೦೦೦೪೦೦೫ನ್ನು ಬಿಡಿಸಿದರೆ ದೊರೆಯುವುದು ‘ಅನಿರ್ದಿಷ್ಟ ದೋಷ’ವೆಂಬ ಮಾತು ಮಾತ್ರ.

ಇದು ಹೇಗೆ ಸಂಭವಿಸುತ್ತದೆ? ತಂತ್ರಾಂಶವು ಪದರಪದರವಾಗಿ ಕಟ್ಟಲ್ಪಟ್ಟಿದೆ. ಕೆಳಗಿನ ಪದರಕ್ಕೆ ಏನು ತಪ್ಪಿತೆಂಬುದು ಗೊತ್ತು. ಯಾವ ಉದ್ದೇಶಕ್ಕಾಗಿ ಆ ಕೆಲಸ ನಡೆಯುತ್ತಿತ್ತೆಂಬುದು ಗೊತ್ತಿಲ್ಲ. ಮೇಲಿನ ಪದರಕ್ಕೆ ಉದ್ದೇಶ ಗೊತ್ತು, ತಪ್ಪು ಗೊತ್ತಿಲ್ಲ. ಕೆಳಗಿನಿಂದ ಬಂದ ನೂರಾರು ಬಗೆಯ ವರದಿಗಳನ್ನು ಬೇರೆಬೇರೆಯಾಗಿ ಪರಿಶೀಲಿಸುವ ಶ್ರಮಕ್ಕೆ ಬೇಸತ್ತ ಕ್ರಮವಿಧಿಕಾರನು ಎಲ್ಲವನ್ನೂ ಒಂದೇ ಸಂಕೇತಕ್ಕೆ ಇಳಿಸಿ ಮೇಲಕ್ಕೆ ಕಳುಹಿಸುತ್ತಾನೆ. ಅಲ್ಲಿಗೆ ಕಾರಣವು ಅಳಿದುಹೋಗುತ್ತದೆ.

ಮೌನಕ್ಕಿಂತಲೂ ಕೆಟ್ಟುದು ತಪ್ಪುದಾರಿಗೆಳೆಯುವ ಮಾತು. ಲಿನಕ್ಸ್ ವ್ಯವಸ್ಥೆಯ ೨೮ನೆಯ ಸಂಕೇತಕ್ಕೆ ‘ಸಾಧನದಲ್ಲಿ ಸ್ಥಳ ಉಳಿದಿಲ್ಲ’ವೆಂದು ಅರ್ಥ. ತಟ್ಟೆಯು ನಿಜವಾಗಿ ತುಂಬಿದಾಗ ಇದು ಬರುವುದು ಸಹಜ. ಆದರೆ ಪ್ರತಿಯೊಂದು ಕಡತಕ್ಕೂ ಐನೋಡ್ ಎಂಬ ದಾಖಲೆಯೊಂದು ಬೇಕು. ಇಎಕ್ಸ್‌ಟಿ೪ ಎಂಬ ಕಡತವ್ಯವಸ್ಥೆಯಲ್ಲಿ ಇವುಗಳ ಸಂಖ್ಯೆಯು ಅದನ್ನು ನಿರ್ಮಿಸುವಾಗಲೇ ನಿಶ್ಚಿತವಾಗುತ್ತದೆ. ಲಕ್ಷಾಂತರ ಸಣ್ಣ ಕಡತಗಳಿಂದ ಐನೋಡುಗಳು ಮುಗಿದರೆ, ಅರ್ಧ ತಟ್ಟೆ ಬರಿದಾಗಿದ್ದರೂ ಅದೇ ೨೮ ಬರುತ್ತದೆ. ಮೂರನೆಯ ಕಾರಣವು ಇನ್ನೂ ವಿಚಿತ್ರವಾದುದು. ಕಡತಗಳಲ್ಲಾಗುವ ಬದಲಾವಣೆಯನ್ನು ಕಾದುನೋಡುವ ಐನೋಟಿಫೈ ಎಂಬ ಸೌಲಭ್ಯದಲ್ಲಿ ಒಬ್ಬ ಬಳಕೆದಾರನಿಗೆ ಇಂತಿಷ್ಟೇ ಕಾವಲುಗಳೆಂಬ ಮಿತಿಯಿದೆ. ಅದನ್ನು ಮೀರಿದಾಗಲೂ ವ್ಯವಸ್ಥೆ ಹೇಳುವುದು ಸ್ಥಳವಿಲ್ಲವೆಂದೇ! ಸಂದೇಶವನ್ನು ನಂಬಿದ ಸಂಶೋಧಕನು ತನ್ನ ಹಳೆಯ ಮಾಪನಗಳನ್ನು ಅಳಿಸಿಹಾಕಬಹುದು. ಅಳಿಸಿದ ಮೇಲೂ ದೋಷವು ಹಾಗೆಯೇ ಇರುತ್ತದೆ, ಮಾಪನಗಳು ಮಾತ್ರ ಇರುವುದಿಲ್ಲ. ಬೇಕಾಗಿದ್ದುದು ಮಿತಿಯ ಸಂಖ್ಯೆಯೊಂದನ್ನು ಹೆಚ್ಚಿಸುವುದಷ್ಟೆ.

ಹಳೆಯ ಯೂನಿಕ್ಸಿನಲ್ಲಿ ಸಂಬಂಧವೇ ಇಲ್ಲದ ಸಂದರ್ಭಗಳಲ್ಲಿ ‘ಬೆರಳಚ್ಚು ಯಂತ್ರವಲ್ಲ’ವೆಂಬ ಸಂದೇಶ ಬರುತ್ತಿದ್ದುದುಂಟು. ಫಲಿತವು ಹೋಗುತ್ತಿರುವುದು ದೂರಮುದ್ರಕಕ್ಕೋ ಅಲ್ಲವೋ ಎಂದು ಕ್ರಮವಿಧಿಯು ವಿಚಾರಿಸಿದಾಗ ಅಲ್ಲವೆಂಬುದಕ್ಕೆ ೨೫ ಎಂಬ ಉತ್ತರ ದೊರೆತು, ಆ ಸಂಖ್ಯೆ ಅಲ್ಲಿಯೇ ಉಳಿಯುತ್ತಿತ್ತು. ಅನಂತರದ ಕಾರ್ಯಗಳು ಸಫಲವಾದರೂ ಅದು ಅಳಿಯುವುದಿಲ್ಲ. ಮುಂದೆ ಬೇರೇನೋ ಕೆಟ್ಟಾಗ ಅಜಾಗರೂಕವಾದ ಕ್ರಮವಿಧಿಯು ಆ ಹಳಸಿದ ಸಂಖ್ಯೆಯನ್ನೇ ಓದಿ ಹೇಳುತ್ತಿತ್ತು.

ಮೌನವೆಲ್ಲವೂ ಅಪರಾಧವೆಂದು ನಾವು ಹೇಳುವುದಿಲ್ಲ. ಪ್ರವೇಶದ ಬಾಗಿಲಲ್ಲಿ ಹೆಸರು ತಪ್ಪೋ ಗುಪ್ತಪದ ತಪ್ಪೋ ಎಂಬುದನ್ನು ಹೇಳದಿರುವುದು ವಿವೇಕವೇ. ಹೇಳಿದರೆ ಕಳ್ಳನಿಗೆ ಅರ್ಧ ಕೆಲಸ ಮುಗಿಯಿತು. ಆದರೆ ಅಲ್ಲಿಯೂ ನಿಜವಾದ ಕಾರಣವು ನಿರ್ವಾಹಕರ ದಾಖಲೆಯಲ್ಲಿ ಇರಲೇಬೇಕು. ಜಾಲತಾಣಗಳ ೫೦೦ ಎಂಬ ಸಂಕೇತವು ಸರ್ವರಿನೊಳಗೆ ಏನೋ ಕೆಟ್ಟಿತೆಂಬುದಕ್ಕಿಂತ ಹೆಚ್ಚೇನನ್ನೂ ತಿಳಿಸದು. ಇಂತಹ ಸಂಕೇತಗಳ ಜೊತೆಗೆ ದೋಷದ ಬಗೆ, ಶೀರ್ಷಿಕೆ, ವಿವರಗಳನ್ನು ನಿಯತ ರೂಪದಲ್ಲಿ ಕಳುಹಿಸುವ ಕ್ರಮವೊಂದನ್ನು ೨೦೧೬ರಲ್ಲಿ ಪ್ರಕಟಿಸಲಾಯಿತು. ೨೦೨೩ರಲ್ಲಿ ಅದನ್ನು ಪರಿಷ್ಕರಿಸಿದರು. ಅನುಸರಿಸುವುದು ಬಿಡುವುದು ಕ್ರಮವಿಧಿಕಾರನ ಇಚ್ಛೆ.

ಅದುವರೆಗೆ ದೋಷವನ್ನು ಹುಡುಕುವವನು ಮಾಡಬಹುದಾದುದೇನೆಂದರೆ, ಮೇಲಿನ ಪದರದ ಮಾತನ್ನು ಬಿಟ್ಟು ಕೆಳಗಿನ ಪದರವನ್ನೇ ಕೇಳುವುದು. ದಾಖಲೆಯಲ್ಲಿ ಕೊನೆಯ ದೋಷಕ್ಕಿಂತ ಮೊದಲನೆಯ ದೋಷವು ಹೆಚ್ಚು ವಿಶ್ವಾಸಾರ್ಹ. ಉಳಿದವು ಬಹುಮಟ್ಟಿಗೆ ಅದರ ಪರಿಣಾಮಗಳು. ಲಿನಕ್ಸಿನಲ್ಲಿ ಎಸ್‌ಟ್ರೇಸ್ ಎಂಬ ಉಪಕರಣವು ಕ್ರಮವಿಧಿಯು ವ್ಯವಸ್ಥೆಗೆ ಸಲ್ಲಿಸಿದ ಪ್ರತಿಯೊಂದು ಕೋರಿಕೆಯನ್ನೂ ಅದಕ್ಕೆ ದೊರೆತ ಉತ್ತರವನ್ನೂ ಸಾಲುಸಾಲಾಗಿ ತೋರಿಸುತ್ತದೆ. ೨೮ ಎಂಬ ಉತ್ತರವು ಬರೆಯುವ ಕೋರಿಕೆಯ ಮುಂದೆ ಇದ್ದರೆ ತಟ್ಟೆಯನ್ನು ನೋಡಬೇಕು. ಹೊಸ ಕಡತವನ್ನು ತೆರೆಯುವ ಕೋರಿಕೆಯ ಮುಂದೆ ಇದ್ದರೆ ಐನೋಡುಗಳನ್ನೂ ಎಣಿಸಬೇಕು. ಕಾವಲನ್ನು ಸೇರಿಸುವ ಕೋರಿಕೆಯ ಮುಂದೆ ಇದ್ದರೆ ಯಾವ ಕಡತವನ್ನೂ ಅಳಿಸದೆ ಮಿತಿಯನ್ನು ಪರೀಕ್ಷಿಸಬೇಕು.