ಗೇರು ಬದಲಾಗುವ ಆ ಅರೆಕ್ಷಣ

ಬೆಳಿಗ್ಗೆ ಐದೂವರೆಗೆ ಟ್ರೇಸಿ, ಮೌಂಟನ್ ಹೌಸ್ ಕಡೆಯಿಂದ ಹೊರಟು ಫ್ರೀಮಾಂಟ್‌ಗೋ ಸನ್ನಿವೇಲ್‌ಗೋ ಕೆಲಸಕ್ಕೆ ಹೋಗುವ ಕನ್ನಡದವರು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಅವರ ಕಾರು ಮೊದಲು ಸುಮಾರು 300 ಮೀಟರ್ ಎತ್ತರದ ಆಲ್ಟಮಾಂಟ್ ಪಾಸ್ ಹತ್ತಬೇಕು. ಅಲ್ಲಿಂದಿಳಿದರೆ 580ನೇ ಹೆದ್ದಾರಿಯಲ್ಲಿ, ಆಮೇಲೆ 680 ಅಥವಾ 880ರಲ್ಲಿ ನಿಂತು ನಿಂತು ಸಾಗುವ ಟ್ರಾಫಿಕ್. ಸಂಜೆ ಬೇಸಿಗೆಯ ಬಿಸಿಲಲ್ಲಿ ಅದೇ ದಾರಿ ಹಿಂದಕ್ಕೆ. ಭಾನುವಾರ ನೆಂಟರಿಗೆ ಊರು ತೋರಿಸಲು ನಗರದೊಳಕ್ಕೆ ಹೋದರೆ ಮಂಜು ಮುಸುಕಿದ ಕಡಿದಾದ ಏರುಗಳು. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಪರೀಕ್ಷಿಸಬೇಕೆಂದು ಯಾರಾದರೂ ಬೇಕೆಂದೇ ದಾರಿ ಹುಡುಕಿದರೂ ಇದಕ್ಕಿಂತ ಒಳ್ಳೆಯದು ಸಿಗದು.

ಇಂಥ ಕಾರು ಒಂದು ದಿನ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಜರ್ಕ್ ಹೊಡೆಯತೊಡಗುತ್ತದೆ. ಮಾಲೀಕರು ರಜೆ ಹಾಕಿ ಡೀಲರ್ ಹತ್ತಿರ ಬಿಟ್ಟು ಬರುತ್ತಾರೆ. ಸಂಜೆ ಫೋನ್ ಬರುತ್ತದೆ: ಓಡಿಸಿ ನೋಡಿದೆವು, ಕಂಪ್ಯೂಟರಿಗೂ ಹಾಕಿ ನೋಡಿದೆವು, ಎಲ್ಲ ನಾರ್ಮಲ್ ಆಗಿದೆ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಜರ್ಕ್. ಇಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಅನಿಸುವುದು ಸಹಜ. ಆದರೆ ಎಷ್ಟೋ ಸಲ ಇಬ್ಬರ ಮಾತೂ ನಿಜವೇ. ಗೇರ್‌ಬಾಕ್ಸಿನ ತೊಂದರೆ ಒಂದು ನಿರ್ದಿಷ್ಟ ಉಷ್ಣತೆಯಲ್ಲಿ, ಒಂದು ನಿರ್ದಿಷ್ಟ ಭಾರದಲ್ಲಿ, ಅರೆಕ್ಷಣದ ಮಟ್ಟಿಗೆ ಮಾತ್ರ ಹುಟ್ಟಿ ಅಡಗುವಂಥದ್ದು. ಆ ಸ್ಥಿತಿಯನ್ನು ಮರಳಿ ಹುಟ್ಟಿಸಲಾಗದ ಪರೀಕ್ಷೆಯಿಂದ ದೋಷವಿಲ್ಲ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಇದನ್ನು ಗ್ರಾಹಕರೂ ಅರಿತಿರಬೇಕು, ಡೀಲರುಗಳೂ ಒಪ್ಪಬೇಕು.

ಒಳಗೆ ಏನಾಗುತ್ತದೆ ನೋಡೋಣ. ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಕುಳಿತಿರುತ್ತದೆ. ಜರ್ಮನಿಯ ಹೆರ್ಮಾನ್ ಫ್ಯೋಟಿಂಗರ್ 1905ರಲ್ಲಿ ಇದರ ಮೂಲ ತತ್ವಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ವೇಗವಾಗಿ ತಿರುಗುವ ಉಗಿ ಟರ್ಬೈನಿನ ಶಕ್ತಿಯನ್ನು ನಿಧಾನವಾಗಿ ತಿರುಗುವ ಪ್ರೊಪೆಲ್ಲರಿಗೆ ದಾಟಿಸಬೇಕಿತ್ತು. ಒಂದು ಚಕ್ರ ಎಣ್ಣೆಯನ್ನು ಚಿಮ್ಮಿಸುತ್ತದೆ, ಎದುರಿನ ಚಕ್ರ ಆ ಎಣ್ಣೆಯ ರಭಸಕ್ಕೆ ತಿರುಗುತ್ತದೆ. ಎರಡರ ನಡುವೆ ಲೋಹದ ಜೋಡಣೆಯೇ ಇಲ್ಲ. ಹಾಗಾಗಿಯೇ ಸಿಗ್ನಲ್‌ನಲ್ಲಿ ಗೇರಿನಲ್ಲೇ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ. 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಜನರಲ್ ಮೋಟರ್ಸ್ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸ್ ಕೂರಿಸಿದಾಗ ಎಣ್ಣೆಯ ಜೋಡಣೆ ಜನಸಾಮಾನ್ಯರ ಕಾರಿಗೂ ಬಂತು.

ಎಣ್ಣೆಯ ಜೋಡಣೆಯಲ್ಲಿ ಸ್ವಲ್ಪ ಶಕ್ತಿ ಯಾವಾಗಲೂ ಶಾಖವಾಗಿ ಸೋರಿಹೋಗುತ್ತದೆ. ಅದನ್ನು ತಡೆಯಲು ಕನ್ವರ್ಟರಿನೊಳಗೇ ಒಂದು ಕ್ಲಚ್ ಇಟ್ಟಿರುತ್ತಾರೆ, ವೇಗ ಕೂಡಿದ ಮೇಲೆ ಅದು ಎರಡು ಚಕ್ರಗಳನ್ನೂ ಒಂದಾಗಿ ಹಿಡಿಯುತ್ತದೆ. ಈಗಿನ ಕಾರುಗಳಲ್ಲಿ ಅದು ಪೂರ್ತಿ ಹಿಡಿಯುವುದೂ ಇಲ್ಲ. ಎಂಜಿನ್ನಿನ ಕಂಪನ ಒಳಗೆ ದಾಟದಿರಲೆಂದು, ನಿಮಿಷಕ್ಕೆ ಕೆಲವೇ ಹತ್ತು ಸುತ್ತುಗಳ ವ್ಯತ್ಯಾಸವಿಟ್ಟುಕೊಂಡು ಬೇಕೆಂದೇ ಜಾರುತ್ತಿರುತ್ತದೆ.

ಜರ್ಕ್ ಕಥೆ ಇರುವುದು ಇದರಾಚೆ, ಗೇರುಗಳ ಹತ್ತಿರ. ಪ್ರತಿ ಗೇರಿಗೂ ಕೆಲವು ಕ್ಲಚ್ಚುಗಳು ಹಿಡಿದಿರಬೇಕು, ಉಳಿದವು ಬಿಟ್ಟಿರಬೇಕು. ಈ ಕ್ಲಚ್ಚುಗಳ ಬಿಲ್ಲೆಗಳಿಗೆ ಅಂಟಿಸಿರುವುದು ಕಾಗದದ ಜಾತಿಯ ನಾರಿನ ಪದರ, ಅವನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ. ಗೇರು ಬದಲಾಗುವುದೆಂದರೆ ಒಂದು ಕ್ಲಚ್ ಬಿಡುತ್ತಿರುವಾಗಲೇ ಇನ್ನೊಂದು ಹಿಡಿಯುವುದು. ಇಡೀ ಕೆಲಸ ಅರ್ಧ ಸೆಕೆಂಡಿಗೂ ಮೊದಲೇ ಮುಗಿಯುತ್ತದೆ. ಹೊಸದು ಬೇಗ ಹಿಡಿದು ಹಳೆಯದು ಬಿಡುವುದು ತಡವಾದರೆ ಎರಡೂ ಒಂದಕ್ಕೊಂದು ಎಳೆದಾಡಿ ಕಾರು ಎಗರುತ್ತದೆ. ಹಳೆಯದು ಬೇಗ ಬಿಟ್ಟು ಹೊಸದು ತಡವಾದರೆ ಎಂಜಿನ್ನಿಗೆ ಹಿಡಿತವೇ ಇಲ್ಲದಂತಾಗಿ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ. ಸರ್ವಿಸ್ ಅಡ್ವೈಸರ್ ಎದುರು ನಿಂತು 'ಗೇರ್ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಈ ವ್ಯತ್ಯಾಸ ಅಲ್ಲೇ ಕಳೆದುಹೋಗುತ್ತದೆ.

ಯಾವ ಕ್ಲಚ್ಚಿಗೆ ಎಷ್ಟು ಎಣ್ಣೆ, ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವ ಕಂಪ್ಯೂಟರ್ ಪ್ರತಿ ಬದಲಾವಣೆಯಿಂದಲೂ ಕಲಿಯುತ್ತಿರುತ್ತದೆ. ಬಿಲ್ಲೆ ಸವೆದಂತೆ ಎಣ್ಣೆ ತುಂಬಲು ಹೆಚ್ಚು ಹೊತ್ತು ಬೇಕು. ಅದನ್ನು ಅಳೆದು ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಎಣ್ಣೆಯ ಸ್ವಭಾವವೂ ಒಂದೇ ಸಮನಿರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ 100 ಡಿಗ್ರಿಯಲ್ಲಿ ಇರುವುದರ ನಾಲ್ಕೈದು ಪಟ್ಟು. ಮುಂಜಾನೆಯ ತಂಪಿನಲ್ಲಿ ಕಾಣಿಸುವ ಜರ್ಕ್, ಡೀಲರ್ ಅಂಗಳ ಮುಟ್ಟುವ ಹೊತ್ತಿಗೆ ಎಣ್ಣೆ ಕಾದು ಮಾಯವಾಗುವುದು ಇದರಿಂದಲೇ. ಪರಿಹಾರ ಸರಳವಾಗಿದೆ: ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಮೊದಲ ಸ್ಟಾರ್ಟಿನಿಂದಲೇ ಓಡಿಸಿ ನೋಡಲು ಹೇಳುವುದು, ಸಾಧ್ಯವಾದರೆ ಟೆಕ್ನಿಷಿಯನ್ ಪಕ್ಕದಲ್ಲಿ ನಾವೂ ಕೂರುವುದು.

ಎಣ್ಣೆಯಿಂದಲೇ ಹುಟ್ಟಿದ ಕಾಯಿಲೆಗೆ ಅಮೆರಿಕದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಜನರಲ್ ಮೋಟರ್ಸ್‌ನ 2015ರಿಂದ 2019ರವರೆಗಿನ ಎಂಟು ಗೇರಿನ ಹಲವು ಕಾರು, ಪಿಕಪ್‌ಗಳು ಸಮ ವೇಗದಲ್ಲಿ ಓಡುವಾಗ ನಡುಗುತ್ತಿದ್ದವು. ಹೆದ್ದಾರಿಯ ಅಂಚಿನ ಉಬ್ಬುಗೆರೆಗಳ ಮೇಲೆ ಹೋದ ಹಾಗೆ ಎಂದು ಕಂಪನಿ ಡೀಲರುಗಳಿಗೆ ಕಳಿಸಿದ ಸೂಚನಾ ಪತ್ರವೇ ವರ್ಣಿಸಿತ್ತು. ಮೂಲ ಇದ್ದದ್ದು ಕನ್ವರ್ಟರಿನ ಜಾರುವ ಕ್ಲಚ್ಚಿನಲ್ಲಿ. ಜಾರುವ ವೇಗ ಹೆಚ್ಚಾದಂತೆ ಘರ್ಷಣೆಯೂ ತುಸು ಹೆಚ್ಚಬೇಕು, ಆಗ ಜಾರಿಕೆ ನಯವಾಗಿರುತ್ತದೆ. ಅದು ತಿರುಗುಮುರುಗಾಗಿ ವೇಗ ಕಡಿಮೆಯಾದಾಗಲೇ ಘರ್ಷಣೆ ಹೆಚ್ಚಾದರೆ ಬಿಲ್ಲೆ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಪಿಟೀಲಿನ ಕಮಾನಿಗೆ ರಾಳ ತಿಕ್ಕುವುದು ಇದೇ ಅಂಟುಬಿಡುವಿಕೆಗಾಗಿ. ತಂತಿ ನುಡಿಯುವುದೇ ಅದರಿಂದ. ಪಿಟೀಲಿಗೆ ಬೇಕಾದ ಗುಣ ಕ್ಲಚ್ಚಿಗೆ ಬೇಡ. ಅದಕ್ಕಾಗಿ ಎಣ್ಣೆಗೆ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಈ ಗೇರ್‌ಬಾಕ್ಸುಗಳಲ್ಲಿ ಮೊದಲು ತುಂಬಿದ್ದ ಎಣ್ಣೆಗೆ ತೇವ ಸೇರಿ ಆ ಹದ ಕೆಡುತ್ತಿತ್ತು. ಕೊನೆಗೆ ಬೇರೆ ಸೂತ್ರದ ಎಣ್ಣೆ ತರಿಸಿ, ಹಳೆಯದನ್ನು ಪೂರ್ತಿ ತೊಳೆದು ತೆಗೆದು, ಹೊಸದನ್ನು ತುಂಬಲು ಕಂಪನಿ ಡೀಲರುಗಳಿಗೆ ತಿಳಿಸಿತು. ಅಷ್ಟರಲ್ಲಿ ಎಷ್ಟೋ ಮಾಲೀಕರು ಹಲವು ಸಲ ಡೀಲರ್ ಬಾಗಿಲು ಬಡಿದಾಗಿತ್ತು.

ಇದಕ್ಕಿಂತ ನೋವಿನ ಪ್ರಕರಣ ಫೋರ್ಡ್ ಕಂಪನಿಯದು. 2011ರಿಂದ 2016ರ ಮಾದರಿಯ ಫಿಯೆಸ್ಟಾ, 2012ರಿಂದ 2016ರ ಫೋಕಸ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರನ್ನೇ ಕೈಬಿಟ್ಟು, ಎಣ್ಣೆಯಲ್ಲಿ ಮುಳುಗದ ಎರಡು ಒಣ ಕ್ಲಚ್ಚುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಹಾಕಿದರು. ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯವಕ್ಕೆ ಇನ್ನೊಂದು. ಎಣ್ಣೆಯ ಎಳೆತ ತಪ್ಪಿ ಪೆಟ್ರೋಲ್ ಉಳಿಯುತ್ತದೆ ಎಂಬ ಲೆಕ್ಕ ತಪ್ಪೇನೂ ಅಲ್ಲ. ಆದರೆ ಆಮೆಗತಿಯ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ, ಎಣ್ಣೆ ಮಾಡಬೇಕಿದ್ದ ಜಾರುವ ಕೆಲಸವನ್ನೆಲ್ಲ ಒಣ ಬಿಲ್ಲೆಯೇ ಮಾಡಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಬರ್ಟ್ ಸ್ಟ್ರೀಟಿನ ಒಂದು ತುಂಡು 31.5 ಶೇಕಡಾ ಇಳಿಜಾರಿನದು. ಅದು ಬೇಡ, ಅದರರ್ಧಕ್ಕಿಂತ ತುಸು ಹೆಚ್ಚಿನ, ಹದಿನೇಳು ಶೇಕಡಾ ಏರಿನಲ್ಲಿ 1,300 ಕಿಲೊ ತೂಕದ ಕಾರನ್ನು ಬ್ರೇಕ್ ಒತ್ತದೆ ಬರೀ ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಿದರೆ ಕ್ಲಚ್ಚಿನಲ್ಲಿ ಸುಮಾರು ನಾಲ್ಕು ಕಿಲೊವ್ಯಾಟ್ ಶಾಖ ಹುಟ್ಟುತ್ತದೆಂದು ಸಾಮಾನ್ಯ ಲೆಕ್ಕಾಚಾರ ಹೇಳುತ್ತದೆ. ಆ ಶಾಖವನ್ನು ಹೊತ್ತೊಯ್ಯಲು ಅಲ್ಲಿ ಎಣ್ಣೆ ಇಲ್ಲ. ಇದರ ಮೇಲೆ ಗೇರ್‌ಬಾಕ್ಸಿನ ಶಾಫ್ಟಿನ ಸೀಲುಗಳಿಂದ ಎಣ್ಣೆ ಜಿನುಗಿ, ಒಣಗಿರಬೇಕಾದ ಬಿಲ್ಲೆಗಳಿಗೆ ತಗುಲಿ ನಡುಕ ಶುರುವಾಗುತ್ತಿತ್ತು. ಕ್ಲಚ್ಚನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಯೂ ಕೈಕೊಡುತ್ತಿತ್ತು.

ಡೀಲರುಗಳು ಸಾಫ್ಟ್‌ವೇರ್ ಬದಲಿಸಿದರು, ಕ್ಲಚ್ ಬದಲಿಸಿದರು, ಮತ್ತೆ ಬದಲಿಸಿದರು. 2014ರಲ್ಲಿ ಫೋರ್ಡ್ ಕ್ಲಚ್ ಮತ್ತು ಸೀಲುಗಳ ವಾರಂಟಿಯನ್ನು 7 ವರ್ಷ ಅಥವಾ 1,00,000 ಮೈಲಿಗೆ, ನಿಯಂತ್ರಣ ಪೆಟ್ಟಿಗೆಯದನ್ನು 10 ವರ್ಷ ಅಥವಾ 1,50,000 ಮೈಲಿಗೆ ಹಿಗ್ಗಿಸಿತು. ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ 2012ರಲ್ಲೇ ಹೂಡಿದ್ದ ಸಾಮೂಹಿಕ ದಾವೆಯ ರಾಜಿಗೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಪರಿಹಾರದ ಮೊತ್ತ ನಿರ್ಧಾರವಾದದ್ದು ಎಷ್ಟು ಸಲ ಡೀಲರ್ ಹತ್ತಿರ ಹೋಗಿದ್ದೀರಿ ಎಂಬುದರ ಮೇಲೆ. ಮೂರನೆಯ ಸಲದಿಂದ ಎಣಿಕೆ ಶುರು, ಹೋದಷ್ಟೂ ಹಣ ಹೆಚ್ಚು. ಆಸ್ಟ್ರೇಲಿಯಾದಲ್ಲಿ ನಡೆದದ್ದು ಇನ್ನೂ ಕಟುವಾದದ್ದು. ಗೇರ್‌ಬಾಕ್ಸಿನಲ್ಲಿ ದೋಷವಿದೆಯೆಂದು ಗೊತ್ತಿದ್ದೂ, ನಡುಕಕ್ಕೆ ನಿಮ್ಮ ಓಡಿಸುವ ರೀತಿಯೇ ಕಾರಣವೆಂದು ಗ್ರಾಹಕರಿಗೆ ಹೇಳಿದ್ದಕ್ಕಾಗಿ ಅಲ್ಲಿನ ಫೆಡರಲ್ ಕೋರ್ಟ್ 2018ರಲ್ಲಿ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಎಷ್ಟೋ ವರ್ಷ ಓಡಿಸಿ ಅನುಭವವಿದ್ದವರಿಗೂ ತಮ್ಮ ಕಾಲಿನ ಮೇಲೆಯೇ ಅನುಮಾನ ಬರುವಂತೆ ಮಾಡಿದ್ದು ದಂಡದಿಂದ ತೀರುವ ಅನ್ಯಾಯವಲ್ಲ ಎಂದೇ ನಾನು ತಿಳಿದಿದ್ದೇನೆ.

ಕಂಪ್ಯೂಟರಿಗೆ ಹಾಕಿ ನೋಡಿದೆವು ಎಂಬ ಮಾತಿಗೂ ಮಿತಿಯಿದೆ. 1996ರಿಂದ ಅಮೆರಿಕದಲ್ಲಿ ಮಾರುವ ಪ್ರತಿ ಪೆಟ್ರೋಲ್ ಕಾರಿನಲ್ಲೂ ಸ್ಟೇರಿಂಗಿನ ಕೆಳಗೆ ಒಬಿಡಿ-2 ಸಾಕೆಟ್ ಇರುತ್ತದೆ. ಇದಕ್ಕೆ ದಾರಿ ಹಾಕಿಕೊಟ್ಟದ್ದು ಕ್ಯಾಲಿಫೋರ್ನಿಯಾದ ವಾಯು ಮಂಡಳಿ. ಅದರಿಂದ ಓದುವ ದೋಷದ ಕೋಡುಗಳಲ್ಲಿ ಗೇರ್‌ಬಾಕ್ಸಿನ ಸಾಮಾನ್ಯ ಕೋಡುಗಳು ಪಿ07 ಎಂದು ಶುರುವಾಗುತ್ತವೆ. ಪಿ0741 ಬಂದರೆ ಕನ್ವರ್ಟರ್ ಕ್ಲಚ್ ಹಿಡಿಯುತ್ತಿಲ್ಲವೆಂದು ಅರ್ಥ. ಆದರೆ ಕೋಡು ದಾಖಲಾಗಬೇಕಾದರೆ ಜಾರಿಕೆ ಒಂದು ಮಿತಿ ದಾಟಬೇಕು. ನಮ್ಮ ಬೆನ್ನಿಗೆ ಗೊತ್ತಾಗುವ ನಡುಕ ಆ ಮಿತಿಗಿಂತ ಕೆಳಗೇ ಇರಬಹುದು. ಆಗ ಉಪಯೋಗಕ್ಕೆ ಬರುವುದು ಚೀಟಿಯಲ್ಲಿ ಬರೆದಿಟ್ಟ ವಿವರ: ಎಷ್ಟು ವೇಗ, ಯಾವ ಗೇರು, ಹೊರಗೆ ಎಷ್ಟು ಡಿಗ್ರಿ, ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಏರೋ ಸಮತಟ್ಟೋ. ಪಕ್ಕದಲ್ಲಿ ಕೂತವರು ಆರ್‌ಪಿಎಂ ಮುಳ್ಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಕಂಪನಿಗಳು ಡೀಲರುಗಳಿಗೆ ಕಳಿಸುವ ತಾಂತ್ರಿಕ ಸೂಚನಾ ಪತ್ರಗಳು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ನಿಮ್ಮ ಕಾರಿನ ಲಕ್ಷಣಕ್ಕೆ ಹೊಂದುವ ಪತ್ರದ ಸಂಖ್ಯೆಯನ್ನು ಜೊತೆಗೆ ಒಯ್ದರೆ ಮಾತುಕತೆಯ ದಾರಿಯೇ ಬೇರೆಯಾಗುತ್ತದೆ.

ಕಾಗದದ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಗ್ರಾಹಕರ ಪಕ್ಷದಲ್ಲಿದೆ. ವಾರಂಟಿಯಲ್ಲಿ ಪುಕ್ಕಟೆಯಾಗಿ ಮಾಡಿದ ಕೆಲಸವನ್ನೂ ರಿಪೇರಿಯವರು ಇನ್‌ವಾಯ್ಸ್‌ನಲ್ಲಿ ಬರೆದುಕೊಡಲೇಬೇಕು. 'ಏನೂ ಕಾಣಿಸಲಿಲ್ಲ' ಎಂದು ಕಾರು ವಾಪಸು ಕೊಟ್ಟ ದಿನವೂ ಕಾಗದ ಕೇಳಿ ಪಡೆಯಿರಿ. ದೂರು, ದಿನಾಂಕ, ಮೈಲಿ ಮೂರೂ ಅದರಲ್ಲಿರಲಿ. 1970ರ ಸಾಂಗ್-ಬೆವರ್ಲಿ ಕಾಯ್ದೆ ಮತ್ತು ಆಮೇಲೆ ಬಂದ ಟ್ಯಾನರ್ ಕಾಯ್ದೆ ಸೇರಿ ಜನರು 'ಲೆಮನ್ ಲಾ' ಎನ್ನುವ ಕಾನೂನಾಗಿದೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ತೊಂದರೆಗೆ ನಾಲ್ಕು ಸಲ, ಪ್ರಾಣಾಪಾಯದ ತೊಂದರೆಯಾದರೆ ಎರಡು ಸಲ ರಿಪೇರಿಗೆ ಕೊಟ್ಟಿದ್ದರೆ, ಅಥವಾ ಕಾರು ಒಟ್ಟು 30 ದಿನಕ್ಕಿಂತ ಹೆಚ್ಚು ರಿಪೇರಿಯಲ್ಲೇ ಇದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿದೆಯೆಂದು ಕಾನೂನು ಭಾವಿಸುತ್ತದೆ. ಆ ಅವಧಿ ದಾಟಿದ ಮಾತ್ರಕ್ಕೆ ವಾರಂಟಿಯ ಹಕ್ಕು ಹೋಗುವುದಿಲ್ಲ, ವಾದ ಮಾತ್ರ ಕಷ್ಟವಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಒಂದು ಬದಲಾವಣೆ ತಿಳಿದಿರಬೇಕು: ಹಳೆಯ ಕಾರಿಗೆ ಕಂಪನಿಯ ಮೂಲ ವಾರಂಟಿ ಇನ್ನೂ ಉಳಿದಿದೆ ಎಂಬುದರಿಂದಷ್ಟೇ ಅದು ಈ ಕಾನೂನಿನ ಮಟ್ಟಿಗೆ ಹೊಸ ಕಾರಾಗುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿದೆ.

ರಿಪೇರಿ ಮುಗಿದ ಮೇಲಿನ ಒಂದು ಸಂಗತಿ ಹಲವರನ್ನು ಗಾಬರಿಗೊಳಿಸುತ್ತದೆ. ಕ್ಲಚ್ಚನ್ನೋ ಎಣ್ಣೆ ಹಂಚುವ ವಾಲ್ವುಗಳ ಭಾಗವನ್ನೋ ಬದಲಿಸಿದಾಗ ಕಂಪ್ಯೂಟರ್ ಹಿಂದೆ ಕಲಿತದ್ದನ್ನೆಲ್ಲ ಅಳಿಸುತ್ತಾರೆ, ಅದು ಹೊಸದಾಗಿ ಕಲಿಯುವವರೆಗೆ ಗೇರುಗಳು ಒರಟಾಗಿಯೇ ಬೀಳುತ್ತವೆ. 'ಸ್ವಲ್ಪ ದಿನ ಓಡಿಸಿ, ಸರಿಹೋಗುತ್ತೆ' ಎಂಬ ಮಾತಿನಲ್ಲಿ ನಿಜವಿದೆ. ಆದರೆ ಬರೀ ಅಳಿಸಿ ಕೊಟ್ಟಾಗ, ಸವೆದ ಬಿಲ್ಲೆಯೂ ಕೆಲವು ದಿನ ಸರಿಯಾದಂತೆ ನಟಿಸಬಲ್ಲದು. ಹಾಗಾಗಿ ಏನನ್ನು ಬದಲಿಸಿದರು, ಕಲಿಕೆಯ ಪ್ರಕ್ರಿಯೆಯನ್ನು ಎಣ್ಣೆ ಕಾದ ಮೇಲೆ ಪೂರ್ತಿಯಾಗಿ ಮಾಡಿದರೇ ಎಂಬುದನ್ನು ಇನ್‌ವಾಯ್ಸ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ಒಂದು ವಾರ ಹೆದ್ದಾರಿ, ಊರೊಳಗಿನ ಟ್ರಾಫಿಕ್, ಏರು ಎಲ್ಲದರಲ್ಲೂ ಓಡಿಸಿ. ಹಳೆಯ ವೇಗದಲ್ಲಿ, ಹಳೆಯ ಗೇರಿನಲ್ಲೇ ನಡುಕ ಮರಳಿದರೆ, ಮೊದಲ ಸಲದ ಕಾಗದವನ್ನು ಹಿಡಿದುಕೊಂಡೇ ಎರಡನೆಯ ಸಲದ ದೂರು ಬರೆಸಿ.