ಮಲೇರಿಯಾ ಜೀವಿಗೆ ಕೊಬ್ಬು ಎಲ್ಲಿಂದ?

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ನಡುಕ ಹುಟ್ಟಿಸುವ ಜ್ವರ ಬಂದರೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಅದು ಮಲೇರಿಯಾ ಆಗಿದ್ದರೆ ಸೂಕ್ಷ್ಮದರ್ಶಕದಡಿ ಕೆಂಪು ರಕ್ತಕಣದೊಳಗೆ ಪುಟ್ಟ ಉಂಗುರದಂಥ ಆಕೃತಿ ಕಾಣಬಹುದು. ಅದೇ ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. ಇದರ ಅತ್ಯಂತ ಅಪಾಯಕಾರಿ ಪ್ರಭೇದವಾದ ಫಾಲ್ಸಿಪಾರಂ ಸುಮಾರು 48 ಗಂಟೆಗಳಲ್ಲಿ ಒಂದು ಹಲವಾಗಿ, ರಕ್ತಕಣವನ್ನು ಒಡೆದು ಹೊರಬರುತ್ತದೆ.

ಹುಟ್ಟುವ ಪ್ರತಿ ಮರಿಗೂ ಕೋಶಪೊರೆಯ ಹೊದಿಕೆ ಬೇಕು. ಕೊಬ್ಬಿನ ಎರಡು ಪದರ, ನಡುನಡುವೆ ಪ್ರೋಟೀನು: ಪಿ.ಯು.ಸಿ. ಜೀವಶಾಸ್ತ್ರ ಓದಿದವರಿಗೆ ಈ ಚಿತ್ರ ಪರಿಚಿತ. ಮಲೇರಿಯಾ ವಿರುದ್ಧದ ಹೋರಾಟದ ಒಂದು ಭಾಗ ಈ ಪೊರೆಯ ಸುತ್ತ ನಡೆದಿದೆ.

ಮೊದಲು ಪ್ರೋಟೀನು. ಫಾಲ್ಸಿಪಾರಂ ತನ್ನ ಒಂದು ಪ್ರೋಟೀನನ್ನು ರಕ್ತಕಣದ ಹೊರಮೈಗೆ ಸಾಗಿಸುತ್ತದೆ. ಇದರಿಂದ ಕಣಗಳು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳಿನಲ್ಲಿ ಹೀಗಾದರೆ ಪ್ರಾಣಕ್ಕೇ ಕುತ್ತು. ಸೊಳ್ಳೆ ಕಚ್ಚಿದಾಗ ಒಳಸೇರುವ ರೂಪದ ಮೈಮೇಲೆ ಇನ್ನೊಂದು ಪ್ರೋಟೀನು ಇರುತ್ತದೆ. ಪುಣೆಯಲ್ಲಿ ತಯಾರಾಗುವ, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಲಸಿಕೆಗೆ ಅದೇ ಆಧಾರ.

ಇನ್ನು ಕೊಬ್ಬು. ಕೆಂಪು ರಕ್ತಕಣ ತಾನಾಗಿ ಮೇದಾಮ್ಲ ತಯಾರಿಸಲಾರದು. ಹಾಗಾದರೆ ಅದರೊಳಗಿನ ಜೀವಿಗೆ ಪೊರೆಯ ಸಾಮಗ್ರಿ ಎಲ್ಲಿಂದ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ ಒಂದು ಉತ್ತರ ಕೊಟ್ಟರು. ಈ ಜೀವಿ ಬ್ಯಾಕ್ಟೀರಿಯಾಗಳ ರೀತಿಯಲ್ಲಿ ಮೇದಾಮ್ಲ ತಯಾರಿಸಬಲ್ಲದು. ಮನುಷ್ಯನ ರೀತಿಯೇ ಬೇರೆ. ಸೋಪು, ಟೂತ್‌ಪೇಸ್ಟುಗಳಲ್ಲಿ ಬಳಕೆಯಾಗಿದ್ದ ಟ್ರೈಕ್ಲೋಸಾನ್ ಆ ತಯಾರಿಕೆಯ ಒಂದು ಕಿಣ್ವವನ್ನು ತಡೆಯಿತು. ಸೋಂಕು ತಗುಲಿದ ಇಲಿಗಳು ಚೇತರಿಸಿಕೊಂಡವು. ಹೊಸ ಔಷಧಿಯ ಆಸೆ ಚಿಗುರಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2008 ಮತ್ತು 2009ರಲ್ಲಿ ವಿದೇಶಿ ಪ್ರಯೋಗಾಲಯಗಳು ಈ ತಯಾರಿಕೆಗೆ ಬೇಕಾದ ಜೀನುಗಳನ್ನೇ ತೆಗೆದುಹಾಕಿ ನೋಡಿದವು. ರಕ್ತದಲ್ಲಿ ಜೀವಿ ಆರಾಮವಾಗಿ ಬೆಳೆಯಿತು. ಅಲ್ಲಿ ಅದು ನಮ್ಮ ರಕ್ತದಿಂದಲೇ ಮೇದಾಮ್ಲ ಕದಿಯುತ್ತದೆ. ಆದರೆ ಇಲಿಗಳ ಯಕೃತ್ತಿನಲ್ಲಿ ಅದರ ಬೆಳವಣಿಗೆ ಕೊನೆಯ ಹಂತದಲ್ಲಿ ನಿಂತುಹೋಯಿತು. ಟ್ರೈಕ್ಲೋಸಾನ್ ರಕ್ತದಲ್ಲಿನ ಜೀವಿಯನ್ನು ಕೊಂದದ್ದು ಬೇರೆ ದಾರಿಯಿಂದ ಇರಬೇಕೆಂಬ ವಾದ ಬಲಗೊಂಡಿತು.

ಇದರಿಂದ ಬೆಂಗಳೂರಿನ ಶ್ರಮ ವ್ಯರ್ಥವಾಯಿತೇ? ಇಲ್ಲ. ಮಲೇರಿಯಾ ಜೀವಿ ಮೊದಲು ಬೆಳೆಯುವುದು ಯಕೃತ್ತಿನಲ್ಲಿ, ಆಮೇಲೆ ರಕ್ತದಲ್ಲಿ. ಯಕೃತ್ತಿನಲ್ಲೇ ತಡೆದರೆ ಜ್ವರವೇ ಬಾರದು. ಒಬ್ಬರ ಉತ್ತರವನ್ನು ಇನ್ನೊಬ್ಬರು ಒರೆಗೆ ಹಚ್ಚಿ ಮುಂದೆ ಸಾಗುವುದೇ ವಿಜ್ಞಾನ. ವಿದ್ಯಾರ್ಥಿಗಳು ಕಲಿಯಬೇಕಾದ ಪಾಠವೂ ಇದೇ. ಪಾಲಕರಿಗೊಂದು ಮಾತು: ಮಕ್ಕಳಿಗೆ ಚಳಿಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೊಟ್ಟ ಗುಳಿಗೆಗಳನ್ನು ಜ್ವರ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.