ಹಳೆಯ ಕಾರಿನ ಸ್ಟೀರಿಂಗ್ ಹಠಾತ್ತನೆ ಕೈಕೊಟ್ಟಾಗ: ದೋಷವನ್ನು ಗುರುತಿಸುವ ಬಗೆ



ಸಭೆ, ತರಬೇತಿ ಹಾಗೂ ಕಾಮಗಾರಿಗಳ ಸ್ಥಳ ಪರಿಶೀಲನೆಗಾಗಿ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಕಾರುಗಳಲ್ಲಿಯೇ ಸಂಚರಿಸುತ್ತಾರೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ಗ್ರಾಮೀಣ ರಸ್ತೆಗಳಲ್ಲಿ ಅದು ಇಂದಿಗೂ ಓಡಾಡುತ್ತಿದೆ. ನನ್ನ ಬಳಿಯಿರುವುದೂ ಅದೇ. ಇಂತಹ ಕಾರಿನ ಎಂಜಿನ್ ಕೆಟ್ಟರೆ ಪ್ರಯಾಣ ನಿಲ್ಲುತ್ತದೆ, ಅಷ್ಟೆ. ಸ್ಟೀರಿಂಗ್ ಅಥವಾ ಸಸ್ಪೆನ್ಷನ್ ಕೆಟ್ಟರೆ ಕಾರು ನಿಲ್ಲುವುದಿಲ್ಲ, ದಾರಿ ತಪ್ಪುತ್ತದೆ.

ಕಳೆದ ಮಳೆಗಾಲದಲ್ಲಿ ತಾಲ್ಲೂಕು ಮಟ್ಟದ ಸಭೆ ಮುಗಿಸಿ ಹಿಂದಿರುಗುತ್ತಿದ್ದಾಗ ನಮ್ಮ ಪಂಚಾಯತಿಯ ಸದಸ್ಯೆಯೊಬ್ಬರು ಮತ್ತು ಅವರ ಪುಟ್ಟ ಮಗ ನನ್ನ ಕಾರಿನಲ್ಲಿದ್ದರು. ಕೆರೆ ಏರಿಯನ್ನು ದಾಟಿ ಊರೊಳಗೆ ಬಂದೆವು. ಕುಡಿಯುವ ನೀರಿನ ಕೊಳವೆಗಾಗಿ ರಸ್ತೆಗೆ ಅಡ್ಡಲಾಗಿ ಅಗೆದು ಬರಿಯ ಮಣ್ಣು ಮುಚ್ಚಿದ್ದ ಕಂದಕವೊಂದು ಮಳೆಗೆ ಕುಸಿದಿತ್ತು. ಮುಂದಿನ ಎಡಗಾಲಿ ಅದರೊಳಗೆ ಇಳಿದು ಮೇಲೇಳುವಷ್ಟರಲ್ಲಿ ದೊಡ್ಡ ಸದ್ದಾಯಿತು, ಕಾರು ಎಡಕ್ಕೆ ಕುಸಿಯಿತು, ಸ್ಟೀರಿಂಗ್ ಕೈಯಲ್ಲಿ ಬಿಗಿದು ನಿಂತಿತು. ವೇಗ ತೀರ ಕಡಿಮೆಯಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಇದೇ ಘಟನೆ ಐದು ನಿಮಿಷ ಮೊದಲು, ತಡೆಗೋಡೆಯಿಲ್ಲದ ಏರಿಯ ಮೇಲೆ ನಡೆದಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಸುತ್ತ ನೆರೆದವರು ಆಕ್ಸಲ್ ಮುರಿದಿದೆಯೆಂದರು. ನೆಲದ ಮೇಲೆ ಎಣ್ಣೆಯೂ ಸುರಿದಿದ್ದುದರಿಂದ ಆ ಮಾತು ನಂಬುವಂತಿತ್ತು. ಆದರೆ ಎಣ್ಣೆ ಸುರಿದದ್ದು ಕಾರಣವಲ್ಲ, ಪರಿಣಾಮ. ಗಾಲಿಯ ಕೆಳಭಾಗವನ್ನು ಹಿಡಿದಿಡುವ ಲೋವರ್ ಆರ್ಮ್‌ನ ತುದಿಯಲ್ಲಿ ಬಾಲ್ ಜಾಯಿಂಟ್ ಎಂಬ ಕೀಲಿದೆ. ಬಟ್ಟಲಿನೊಳಗೆ ಗುಂಡು ತಿರುಗುವಂತಹ ರಚನೆ ಅದರದು. ಒಳಗೆ ಗ್ರೀಸ್, ಹೊರಗೆ ರಬ್ಬರ್ ಕವಚ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇಲ್ಲಿ ಇದು ಹಾಗೆ. ಅದು ಕಳಚಿಕೊಂಡಾಗ ಗಾಲಿಯ ಬುಡ ಹೊರಕ್ಕೆ ಜಾರಿತು, ಅದರೊಂದಿಗೆ ಡ್ರೈವ್ ಶಾಫ್ಟ್ ಗೇರ್‌ಬಾಕ್ಸ್‌ನಿಂದ ಹೊರಬಂದಿತು, ಆ ರಂಧ್ರದಿಂದ ಗೇರ್ ಎಣ್ಣೆ ಸುರಿಯಿತು.

ಹೀಗೆ ಕಾರು ನಿಂತಾಗ ಅದರ ಅಡಿಗೆ ನುಸುಳುವ ಮೊದಲು ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ಎರಡೂ ಮುಂಗಾಲಿಗಳನ್ನು ನೋಡಬೇಕು. ದೋಷದ ಅರ್ಧ ಭಾಗ ಅಲ್ಲಿಯೇ ತಿಳಿಯುತ್ತದೆ. ಗಾಲಿಯ ತಲೆ ಒಳಕ್ಕೂ ಬುಡ ಹೊರಕ್ಕೂ ವಾಲಿದ್ದರೆ ಬಾಲ್ ಜಾಯಿಂಟ್ ಅಥವಾ ಲೋವರ್ ಆರ್ಮ್ ಹೋಗಿದೆಯೆಂದು ತಿಳಿಯಬಹುದು. ಗಾಲಿಗಳು ನೆಟ್ಟಗೆ ನಿಂತಿದ್ದು ಒಂದು ನೇರವಾಗಿಯೂ ಇನ್ನೊಂದು ಪಕ್ಕಕ್ಕೂ ಮುಖಮಾಡಿದ್ದರೆ, ಸ್ಟೀರಿಂಗ್‌ನ ಚಲನೆಯನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್‌ನ ತುದಿ ಕಳಚಿರುತ್ತದೆ. ಗಾಲಿಗಳೆರಡೂ ಸರಿಯಿದ್ದು ಬಾಡಿ ಮಾತ್ರ ಒಂದು ಮೂಲೆಯಲ್ಲಿ ತಗ್ಗಿದ್ದರೆ ಸ್ಪ್ರಿಂಗ್ ಮುರಿದಿರುವ ಸಂಭವ ಹೆಚ್ಚು. ಇವಾವುವೂ ಇಲ್ಲದೆ ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಮೊದಲು ಟೈರಿನ ಗಾಳಿ ನೋಡಿ, ಬಳಿಕ ಆ ಬದಿಯ ಗಾಲಿ ವಿಪರೀತ ಬಿಸಿಯಾಗಿದೆಯೇ ಎಂದು ಗಮನಿಸಬೇಕು. ಬ್ರೇಕ್ ಹಿಡಿದುಕೊಂಡಿದ್ದರೂ ಹಾಗಾಗುತ್ತದೆ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದಲ್ಲಿ ಗಾಲಿಯ ನಟ್ಟುಗಳನ್ನೂ ಪರೀಕ್ಷಿಸುವುದು ಒಳ್ಳೆಯದು.

ಸ್ಟೀರಿಂಗ್ ಒಮ್ಮೆಗೇ ಭಾರವಾಗುವುದು ಬೇರೆ ವಿಷಯ. ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ ಎಂಜಿನ್ ಆಫ್ ಆದರೆ, ಬೆಲ್ಟ್ ತುಂಡಾದರೆ ಅಥವಾ ವಿದ್ಯುತ್ ಬಗೆಯದರಲ್ಲಿ ಫ್ಯೂಸ್ ಹೋದರೆ ಹೀಗಾಗುತ್ತದೆ. ಆಗಲೂ ಬಲ ಹಾಕಿದರೆ ಗಾಲಿ ತಿರುಗುತ್ತದೆ. ಸ್ಟೀರಿಂಗ್ ಸರಾಗವಾಗಿ ತಿರುಗಿ ಗಾಲಿ ಮಾತ್ರ ತಿರುಗದಿದ್ದರೆ ಅದೇ ನಿಜವಾದ ಅಪಾಯ. ಅಂಥ ಕ್ಷಣದಲ್ಲಿ ಗಾಬರಿಯಿಂದ ಕೀಲಿಕೈ ಕಿತ್ತುಕೊಳ್ಳಬಾರದು. ಕೀಲಿಕೈ ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕನ್ನು ಒಮ್ಮೆಗೇ ತುಳಿಯದೆ ಹಂತಹಂತವಾಗಿ ಒತ್ತಿ ನಿಲ್ಲಿಸಬೇಕು.

ನಮ್ಮಲ್ಲಿ ಕಟ್ಟುತಂತಿ ತಂದು ಗಾಲಿಯನ್ನು ಬಿಗಿದುಕೊಟ್ಟು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಿ ಎನ್ನುವ ಉಪಕಾರಿಗಳು ಯಾವಾಗಲೂ ಇರುತ್ತಾರೆ. ನನಗೂ ಒಬ್ಬರು ಸಿಕ್ಕಿದ್ದರು. ಇಂತಹ ಕಾರನ್ನು ಒಂದು ಫರ್ಲಾಂಗೂ ಓಡಿಸಬಾರದು, ಹಗ್ಗ ಕಟ್ಟಿ ಎಳೆಸಲೂಬಾರದು. ವಾಹನದ ಮೇಲೆ ಹೇರಿಯೇ ಸಾಗಿಸಬೇಕು.

ಈ ವೈಫಲ್ಯವನ್ನು ಹಠಾತ್ ಎನ್ನುತ್ತೇವಾದರೂ ಅದು ಮುನ್ಸೂಚನೆಯಿಲ್ಲದೆ ಬರುವುದು ಅಪರೂಪ. ಗುಂಡಿಯ ಮೇಲೆ ಹೋದಾಗ ‘ಟಕ್’ ಎಂಬ ಸದ್ದು ನನ್ನ ಕಾರಿನಲ್ಲಿ ಒಂದು ತಿಂಗಳಿನಿಂದ ಕೇಳಿಬರುತ್ತಿತ್ತು. ಎಂಜಿನಿಯರಿಂಗ್ ಓದಿದವನಾಗಿಯೂ ನಾನು ಅದನ್ನು ಹಳೆಯ ಕಾರಿನ ಸಹಜ ಸದ್ದೆಂದು ಕಡೆಗಣಿಸಿದೆ. ಕಳಚಿದ ಕೀಲನ್ನು ಗ್ಯಾರೇಜಿನಲ್ಲಿ ನೋಡಿದಾಗ ರಬ್ಬರ್ ಕವಚ ಎಂದೋ ಹರಿದಿತ್ತು. ಗ್ರೀಸ್ ಇದ್ದ ಜಾಗದಲ್ಲಿ ಕೆಂಪು ಕೆಸರಿತ್ತು. ಕಂದಕವು ಕೊನೆಯ ಪೆಟ್ಟನ್ನು ಮಾತ್ರ ಕೊಟ್ಟಿತ್ತು.

ಈ ಸವೆತವನ್ನು ಮುಂಚಿತವಾಗಿ ಕಂಡುಹಿಡಿಯುವುದು ಕಷ್ಟವಲ್ಲ. ಸಮತಟ್ಟಾದ ನೆಲದಲ್ಲಿ ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಮುಂಗಾಲಿಯನ್ನು ಜಾಕಿಯಿಂದ ಎತ್ತಿ, ಬಾಡಿಗೆ ಭದ್ರವಾದ ಸ್ಟ್ಯಾಂಡ್ ಆಸರೆ ಕೊಡಬೇಕು. ಬರಿಯ ಜಾಕಿಯನ್ನು ನಂಬಿ ಕೆಳಗೆ ಕೈಹಾಕಬಾರದು. ಗಾಲಿಯ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಿಸಿ. ಅಲುಗಾಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಗ ಅಲುಗಾಟ ನಿಂತರೆ ದೋಷವಿರುವುದು ಬೇರಿಂಗ್‌ನಲ್ಲಿ. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಬುಷ್‌ಗಳಲ್ಲಿ. ಎಡ–ಬಲ ತುದಿಗಳನ್ನು ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್‌ನ ತುದಿಯನ್ನು ಅಥವಾ ಸ್ಟೀರಿಂಗ್ ರ‍್ಯಾಕನ್ನು ಪರೀಕ್ಷಿಸಬೇಕು. ರಬ್ಬರ್ ಕವಚ ಹರಿದಿರುವುದು ಟಾರ್ಚ್ ಬೆಳಕಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಒಂದು ಬದಿಯದು ಸವೆದಿದ್ದರೆ ಇನ್ನೊಂದು ಬದಿಯದನ್ನೂ ನೋಡಿಸಿ, ಬದಲಾಯಿಸಿದ ನಂತರ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ. ನೋಂದಣಿಯ 15 ವರ್ಷ ಮುಗಿದು ನವೀಕರಣಕ್ಕೆ ಒಯ್ಯುವಾಗ ಮಾತ್ರ ಈ ಪರೀಕ್ಷೆ ಸಾಕೆಂದು ಭಾವಿಸುವಂತಿಲ್ಲ, ಏಕೆಂದರೆ ಮುಂದಿನ ನವೀಕರಣ ಬರುವುದು 5 ವರ್ಷಗಳ ನಂತರ. ನಮ್ಮ ರಸ್ತೆಗಳಲ್ಲಿ ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಒಮ್ಮೊಮ್ಮೆ ನೋಡಿಸುವುದು ಸೂಕ್ತ.

ಇನ್ನು ಆ ಕಂದಕದ ಮಾತು. ರಸ್ತೆ ಅಗೆಯಲು ಒಪ್ಪಿಗೆ ಕೊಟ್ಟದ್ದು ನಮ್ಮದೇ ಪಂಚಾಯತಿ. ಮುಚ್ಚಿದ ಮಣ್ಣನ್ನು ಪದರ ಪದರವಾಗಿ ಕುಟ್ಟಿದ್ದಾರೆಯೇ ಎಂದು ನೋಡಬೇಕಾಗಿದ್ದವನು ನಾನು. ಮರುವಾರ ಅದನ್ನು ಮತ್ತೆ ಅಗೆಸಿ, ಜಲ್ಲಿ ತುಂಬಿಸಿ, ಕುಟ್ಟಿಸಿ, ಮೇಲೆ ಕಾಂಕ್ರೀಟ್ ಹಾಕಿಸಲಾಯಿತು. ಅಂದಿನಿಂದ ಇಂತಹ ಕಡೆಗಳಲ್ಲಿ ಒಂದು ಜೋರು ಮಳೆ ಬಿದ್ದ ಮೇಲೆ, ಆ ಜಾಗದ ಮೇಲೆ ನನ್ನದೇ ಕಾರನ್ನು ಓಡಿಸಿ ನೋಡಿದ ಬಳಿಕವೇ ಕಡತಕ್ಕೆ ಸಹಿ ಮಾಡುತ್ತಿದ್ದೇನೆ.